ಮುಂದಿನವರ ಚಕ್ರದ ಹಿಂದೆ

ಕಳೆದ ತಿಂಗಳು ಕಂಪನಿ ಕೆಲಸದ ಮೇಲೆ ಎರಡು ದಿನಕ್ಕೆಂದು ಅಬುಧಾಬಿಗೆ ಹೋಗಿದ್ದೆ. ಆ ಊರು ಬಿಟ್ಟು ಬಂದು ಹಲವು ವರ್ಷಗಳಾಗಿವೆ. ಅಲ್ ಐನ್ ಕಡೆಯಿಂದ ಮರಳುವಾಗ ಬೆಳಗಿನ ಮಂಜು ದಟ್ಟವಾಗಿತ್ತು. ಟ್ಯಾಕ್ಸಿಯ ಚಾಲಕ ಗಾಜು ಒರೆಸಲೆಂದು ಅಲ್ ವತ್ಬಾದ ಹತ್ತಿರ ರಸ್ತೆ ಬದಿಗೆ ನಿಲ್ಲಿಸಿ ಬಾಗಿಲು ತೆರೆದ. ಒಂಟೆಗಳ ವಾಸನೆ ಒಳಗೆ ನುಗ್ಗಿತು. ಇಬ್ಬನಿಗೆ ನೆನೆದ ಧೂಳು, ಹಿಕ್ಕೆ, ಒಣಹುಲ್ಲು ಎಲ್ಲ ಕಲಸಿಕೊಂಡ ಬೆಚ್ಚನೆಯ ವಾಸನೆ. ಹಿಂದಿನ ಸೀಟಿನಲ್ಲಿ ಆರಾಮವಾಗಿ ಕುಳಿತಿದ್ದ ನನ್ನ ತೊಡೆಗಳು ತಾವಾಗಿಯೇ ಬಿಗಿದುಕೊಂಡವು. ಉಸಿರು ಚಿಕ್ಕದಾಯಿತು. ಈಗ ಸೈಕಲ್ಲುಗಳ ಗುಂಪು ವೇಗ ಹೆಚ್ಚಿಸುತ್ತದೆ, ನಾನು ಹಿಂದೆ ಬೀಳುತ್ತೇನೆ ಎಂಬ ಹಳೆಯ ಭಯ ಮೈಯಲ್ಲಿ ಇನ್ನೂ ಹಾಗೆಯೇ ಉಳಿದಿತ್ತು.

ಎರಡು ಸಾವಿರದ ಹದಿನಾರು ಮುಗಿದು ಹದಿನೇಳು ಹುಟ್ಟಿದ ಚಳಿಗಾಲ ಅದು. ಆಗ ನಾನು ಅಬುಧಾಬಿ ಅಂಚಿನ ಮುಸಫ್ಫಾದ ಒಂದು ಫ್ಯಾಬ್ರಿಕೇಶನ್ ಯಾರ್ಡಿನಲ್ಲಿ ವೆಲ್ಡಿಂಗ್ ತಪಾಸಣೆ ಮಾಡುವ ಇನ್‌ಸ್ಪೆಕ್ಟರ್ ಆಗಿದ್ದೆ. ಮನೆ ಪಕ್ಕದ ಶಾಬಿಯಾದಲ್ಲಿ. ಹೆಂಡತಿ ವೀಣಾ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಶನಿಸ್ಟ್, ಮಗಳು ಅನನ್ಯಾ ಐದನೇ ಕ್ಲಾಸು. ಹದಿನಾರರ ಮಳೆಗಾಲಕ್ಕೆ ಮೊದಲು ಊರಿಗೆ ಹೋಗಿ, ನನ್ನ ಒಂದು ಕಿಡ್ನಿಯನ್ನು ಶಾರದಕ್ಕನಿಗೆ ಕೊಟ್ಟು ಬಂದಿದ್ದೆ.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಉಡುಪಿಯ ಹತ್ತಿರ ಹಳ್ಳಿಯೊಂದರ ಹಾಲಿನ ಸೊಸೈಟಿಯಲ್ಲಿ ಸೆಕ್ರೆಟರಿ. ಬೆಳಗ್ಗೆ ಬೆಳಕು ಹರಿಯುವ ಮೊದಲೇ ಅವಳ ದನಿ ಸೊಸೈಟಿಯ ಜಗಲಿಯಿಂದ ಇಡೀ ಬೈಲಿಗೆ ಕೇಳುತ್ತಿತ್ತು. ಹಾಲಿಗೆ ನೀರು ಬೆರೆಸಿದವರನ್ನು ಎಲ್ಲರೆದುರೇ ಬೈಯುತ್ತಿದ್ದಳು, ದನಕ್ಕೆ ಕಾಯಿಲೆಯೆಂದು ಬಂದವರಿಗೆ ತಾನೇ ಡಾಕ್ಟರಿಗೆ ಫೋನು ಮಾಡುತ್ತಿದ್ದಳು. ಅಂಥವಳು ಡಯಾಲಿಸಿಸ್ಸಿಗೆ ಬಿದ್ದಾಗ ಅವಳ ಗಂಡ ವಾಸುಭಾವನ ರಕ್ತದ ಗುಂಪು ಹೊಂದಲಿಲ್ಲ, ನನ್ನದು ಹೊಂದಿತು. ಅದರ ಬಗ್ಗೆ ಮನೆಯಲ್ಲಿ ದೊಡ್ಡ ಚರ್ಚೆಯೇನೂ ಆಗಲಿಲ್ಲ. ಬೇಡವೆಂದು ಹಟ ಹಿಡಿದದ್ದು ಅಕ್ಕ ಮಾತ್ರ.

ಆಪರೇಶನ್ ಚೆನ್ನಾಗಿಯೇ ಆಯಿತು. ಅಕ್ಕನ ಮುಖದ ಬಾತು ಇಳಿದು ಬಣ್ಣ ಬಂತು. ಆದರೆ ಹಳೆಯ ಅಕ್ಕ ಮಾತ್ರ ವಾಪಸು ಬರಲಿಲ್ಲ. ನಾನು ಅಬುಧಾಬಿಗೆ ಮರಳಿ ಕೆಲಸಕ್ಕೆ ಸೇರಿದ ಮೇಲೆ ಫೋನಿನಲ್ಲಿ ಅವಳದು ಒಂದೇ ಪ್ರಶ್ನೆ.

“ಹುಷಾರಿದ್ದೀಯಾ ದಿನ್ನು? ಸುಳ್ಳು ಹೇಳ್ಬೇಡ.”

ನಾನು ಒಮ್ಮೆ ಕೆಮ್ಮಿದರೆ ಅದೇ ಪ್ರಶ್ನೆ ಇನ್ನೊಮ್ಮೆ. ಶೀತವೆಂದರೆ ಅಳು. ಅಕ್ಟೋಬರ್ ಹೊತ್ತಿಗೆ ವಾಸುಭಾವ ಅವಳಿಗೆ ಗೊತ್ತಾಗದ ಹಾಗೆ ಸೊಸೈಟಿ ಕಟ್ಟೆಯಿಂದ ನನಗೆ ಫೋನು ಮಾಡಿದರು.

“ಇವಳು ಗೇಟು ದಾಟುದಿಲ್ಲ ಮಾರಾಯ. ಡಾಕ್ಟ್ರು ನಡೀಲಿಕ್ಕೆ ಹೇಳಿದ್ದಾರೆ, ಕೆಲಸಕ್ಕೂ ಹೋಗ್ಬಹುದು ಅಂತ ಹೇಳಿದ್ದಾರೆ. ಸೊಸೈಟಿಯವರು ಬಂದು ಕರೆದ್ರೂ ಇಲ್ಲ. ಇದು ನನ್ನದಲ್ಲ, ತಮ್ಮನದ್ದು, ಹಾಳು ಮಾಡಿದ್ರೆ ಅವನಿಗೆ ಎಂತ ಜವಾಬು ಕೊಡುದು ಅಂತ ಕೇಳ್ತಾಳೆ. ಅವನ ಅರ್ಧ ಆಯುಷ್ಯ ತಿಂದು ಕೂತಿದ್ದೇನೆ ಅಂತಾಳೆ. ನಾನೆಂತ ಹೇಳುದು?”

ನಾನು ಆರೋಗ್ಯವಾಗಿಯೇ ಇದ್ದೆ. ಆದರೆ ನನ್ನ ಸುತ್ತಲಿನವರೂ ನನ್ನನ್ನು ಗಾಜಿನ ಪಾತ್ರೆಯಂತೆ ನೋಡುತ್ತಿದ್ದರು. ವೀಣಾ ನೀರಿನ ಕ್ಯಾನು ಎತ್ತಲು ಬಿಡುತ್ತಿರಲಿಲ್ಲ. ಯಾರ್ಡಿನಲ್ಲಿ ನಾನು ಏಣಿಯ ಕಡೆ ಹೋದರೆ ಫೋರ್‌ಮನ್ ಓಡಿ ಬಂದು “ನೀವು ಕೂತ್ಕೊಳ್ಳಿ ಸಾಬ್” ಎಂದು ಹಿಂದಿಯಲ್ಲಿ ಹೇಳಿ ಕುರ್ಚಿ ತೋರಿಸುತ್ತಿದ್ದ. ಕೂತು ಕೂತು, ಒಂದು ದಿನ ಮೆಟ್ಟಿಲು ಹತ್ತುವಾಗ ಏದುಸಿರು ಬಂದಾಗ, ಇದು ಕಿಡ್ನಿಯದೇ ಇರಬೇಕೆಂದು ನನಗೇ ಅನ್ನಿಸಿತು. ಆ ಅನುಮಾನವೇ ನನ್ನನ್ನು ಹೆದರಿಸಿದ್ದು. ತಪಾಸಣೆಗೆ ಹೋದಾಗ ಡಾಕ್ಟರು ನಕ್ಕರು. “ನಿಮಗೆ ಕಾಯಿಲೆ ಇಲ್ಲ, ವ್ಯಾಯಾಮವೂ ಇಲ್ಲ. ನೀರು ಕುಡಿಯಿರಿ, ಮೈ ದಣಿಸಿ” ಎಂದರು.

ಸೈಕಲ್ ಸಿಕ್ಕಿದ್ದು ಆ ವಾರವೇ. ಕೆನಡಾಕ್ಕೆ ಹೊರಟಿದ್ದ ಸಹೋದ್ಯೋಗಿಯೊಬ್ಬರು ತಮ್ಮ ರೇಸಿಂಗ್ ಸೈಕಲ್ಲನ್ನು ನನಗೆ ಬಿಟ್ಟು ಹೋದರು. ಬಾಗಿದ ಹ್ಯಾಂಡಲ್ಲು, ಬೆರಳಗಲದ ಟೈರು. ಶಾಲೆಗೆ ಹೋಗುವಾಗ ಅಟ್ಲಾಸ್ ಸೈಕಲ್ ತುಳಿದವನಿಗೆ ಇದರ ಮೇಲೆ ಕುಳಿತಾಗ ಕುದುರೆ ಏರಿದಷ್ಟು ಗಾಬರಿಯಾಯಿತು. ಕ್ಯಾಂಟೀನಿನಲ್ಲಿ ಈ ಸುದ್ದಿ ಕೇಳಿ ನನ್ನನ್ನು ಹುಡುಕಿಕೊಂಡು ಬಂದವರು ಹಮೀದ್ ಭಾಯ್. ಬಂಟ್ವಾಳ ಕಡೆಯ ಬ್ಯಾರಿ, ನಮ್ಮ ಪಕ್ಕದ ಕಂಪನಿಯ ಪರ್ಚೇಸ್ ಮ್ಯಾನೇಜರ್. ಐವತ್ತು ದಾಟಿದ, ಬೆತ್ತದಂಥ ಮೈಕಟ್ಟಿನ ಮನುಷ್ಯ. ಶುಕ್ರವಾರದ ರಜೆಯ ಬೆಳಗ್ಗೆ ಅಲ್ ವತ್ಬಾದ ಸೈಕಲ್ ಟ್ರ್ಯಾಕಿನಲ್ಲಿ ಒಂದು ಗುಂಪು ನಡೆಸುತ್ತಿದ್ದರು.

“ಬನ್ನಿ ಮಾರಾಯ್ರೆ. ಬೆಳಗಿನ ಫಜ್ರ್ ನಮಾಜ್ ಮುಗ್ಸಿ ಹೊರಡುದು, ಮಧ್ಯಾಹ್ನದ ಜುಮಾಕ್ಕೆ ಮೊದಲು ಖಲಾಸ್. ಊರಿನ ಮಾತು ಆಡ್ಲಿಕ್ಕೂ ಒಬ್ರು ಆಯ್ತು ನನಗೆ.”

ವೀಣಾ ಒಪ್ಪಿದ್ದು ಒಂದು ಷರತ್ತಿನ ಮೇಲೆ. ಮೊದಲ ದಿನ ತಾನೇ ಜೊತೆಗೆ ಬಂದು, ಹಮೀದ್ ಭಾಯ್ ಅವರನ್ನು ಬದಿಗೆ ಕರೆದು, ನನ್ನ ಆಪರೇಶನ್ನಿನ ಕತೆಯನ್ನೆಲ್ಲ ಹೇಳಿದಳು.

ಅಲ್ಲಿ ಎರಡು ಗುಂಪುಗಳಿದ್ದವು. ಒಂದು ನಿಧಾನದ ಗುಂಪು, ಮಾತನಾಡುತ್ತಾ ಸಾಗುವವರದು. ಇನ್ನೊಂದು ವೇಗದ ಗುಂಪು. ಹಮೀದ್ ಭಾಯ್ ನಡೆಸುತ್ತಿದ್ದದ್ದು ಎರಡನೆಯದನ್ನು. ನಾನು ಮೊದಲನೆಯದಕ್ಕೆ ಸೇರಿದೆ. ನವೆಂಬರ್ ತಿಂಗಳಿಡೀ ಮರಳಿನ ಬಯಲಿನ ನಡುವಿನ ಆ ಕಪ್ಪು ದಾರಿಯಲ್ಲಿ ಸುತ್ತಿದೆ. ಸೂರ್ಯ ಹುಟ್ಟುವ ಮೊದಲು ಗಾಳಿ ತಣ್ಣಗಿರುತ್ತಿತ್ತು. ಬೇಲಿಯಾಚೆ ಒಂಟೆಗಳ ಸಾಲು ಓಟದ ತರಬೇತಿಗೆ ಹೋಗುತ್ತಿತ್ತು. ಪೆಡಲ್ ತುಳಿಯುತ್ತಾ ತುಳಿಯುತ್ತಾ ಮೈ ಸಡಿಲಾಯಿತು, ಏದುಸಿರು ಹೋಯಿತು. ಆದರೆ ಯಾರಾದರೊಬ್ಬರು ಸದಾ ನನ್ನ ಪಕ್ಕದಲ್ಲಿ ಇರುತ್ತಿದ್ದರು. “ಓಕೆ? ಆರ್ ಯೂ ಓಕೆ, ದಿನೇಶ್?” ನಾನು ಸುಮ್ಮನೆ ನೀರು ಕುಡಿಯಲು ನಿಂತರೂ ಇಡೀ ಗುಂಪು ನಿಲ್ಲುತ್ತಿತ್ತು. ಕಥೆ ಎಲ್ಲರಿಗೂ ಗೊತ್ತಾಗಿತ್ತು.

ನಮ್ಮ ಪಕ್ಕದಿಂದ ವೇಗದ ಗುಂಪು ಹಾದು ಹೋಗುವಾಗ ಜೇನುಹುಳಗಳ ಹಿಂಡು ಹಾರಿದಂಥ ಸದ್ದಾಗುತ್ತಿತ್ತು. ಒಬ್ಬರ ಹಿಂದೊಬ್ಬರು, ಚಕ್ರಕ್ಕೆ ಚಕ್ರ ತಾಗುವಷ್ಟು ಹತ್ತಿರ. ಬೆನ್ನುಗಳೆಲ್ಲ ಬಾಗಿ, ಯಾರೂ ಮಾತನಾಡದೆ. ಅವರಲ್ಲಿ ಒಂದೇ ನಿಯಮ: ಹಿಂದೆ ಬಿದ್ದವರಿಗಾಗಿ ಯಾರೂ ಕಾಯುವುದಿಲ್ಲ. ಬಿದ್ದವರು ತಮ್ಮಷ್ಟಕ್ಕೆ ಪಾರ್ಕಿಂಗಿಗೆ ಬರಬೇಕು. ಆ ನಿಯಮವೇ ನನ್ನನ್ನು ಎಳೆಯಿತು. ಯಾರೂ ನನಗಾಗಿ ಕಾಯದ ಒಂದು ಜಾಗ ಈ ಭೂಮಿಯಲ್ಲಿ ನನಗೆ ಬೇಕಾಗಿತ್ತು. ಅಲ್ಲಿ ಕೊನೆಯವರೆಗೆ ಉಳಿದುಕೊಂಡರೆ, ಅದನ್ನು ಅಕ್ಕನಿಗೆ ಹೇಳಬಹುದು, ಆಗಲಾದರೂ ಅವಳು ನಂಬಬಹುದು ಎಂಬ ಆಸೆಯೂ ಇತ್ತು.

ಡಿಸೆಂಬರಿನ ಮೊದಲ ಶುಕ್ರವಾರ ಹಮೀದ್ ಭಾಯ್ ಅವರಿಗೆ ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ನಾನು ಕಾಯ್ಲಿಕ್ಕಿಲ್ಲ, ಗೊತ್ತುಂಟಲ್ಲ?”

“ಗೊತ್ತುಂಟು.”

“ಯಲ್ಲಾ, ಹಾಗಾದ್ರೆ ಬನ್ನಿ. ಮುಂದಿನವರ ಚಕ್ರ ಬಿಡ್ಬೇಡಿ. ಗಾಳಿ ಅವ್ರು ತಿಂತಾರೆ, ನೀವು ಹಿಂದೆ ಅಡಗಿ ಬರುದು. ಒಂದು ಮೊಳ ಹಿಂದೆ ಬಿದ್ರೆ ಗಾಳಿ ನಿಮಗೆ, ಮತ್ತೆ ಮುಗೀತು.”

ಮುಗಿದದ್ದು ನಾನು ಎಣಿಸಿದ್ದಕ್ಕಿಂತ ಬೇಗ. ಮೊದಲ ತಿರುವಿನವರೆಗೆ ಸಂಭ್ರಮವಿತ್ತು. ಮುಂದಿನವರ ಬೆನ್ನ ಹಿಂದೆ ನಿಜಕ್ಕೂ ಗಾಳಿಯಿರಲಿಲ್ಲ, ಯಾರೋ ಹಗ್ಗ ಕಟ್ಟಿ ಎಳೆದಂತೆ ಸೈಕಲ್ ಓಡುತ್ತಿತ್ತು. ತಿರುವಿನಲ್ಲಿ ಹೆದರಿ ಸ್ವಲ್ಪ ಬ್ರೇಕು ಹಿಡಿದೆ. ತಲೆಯೆತ್ತಿದಾಗ ನನಗೂ ಅವರಿಗೂ ನಡುವೆ ಒಂದು ಸೈಕಲ್ಲಿನಷ್ಟು ಜಾಗ. ಇಷ್ಟೇ ತಾನೆ ಎಂದು ಬಲವಾಗಿ ತುಳಿದೆ. ಜಾಗ ಕಡಿಮೆಯಾಗಲಿಲ್ಲ. ಇನ್ನೂ ಬಲವಾಗಿ ತುಳಿದೆ. ಎದೆ ಬಡಿತ ಕಿವಿಯಲ್ಲಿ ಕೇಳತೊಡಗಿತು. ಅವರ ಹಿಂದಿನ ಕೆಂಪು ದೀಪಗಳು ಮಂಜಿನೊಳಗೆ ಒಂದೊಂದಾಗಿ ಕರಗಿದವು. ಕೊನೆಗೆ ಗಾಳಿ, ನಾನು, ಬೇಲಿಯಾಚೆಯಿಂದ ಮೆಲುಕು ಹಾಕುತ್ತಾ ನನ್ನನ್ನೇ ನೋಡುತ್ತಿದ್ದ ಒಂದು ಒಂಟೆ.

ಪಾರ್ಕಿಂಗ್ ತಲುಪಿದಾಗ ಎಲ್ಲರೂ ಚಹಾ ಕುಡಿಯುತ್ತಿದ್ದರು. ಯಾರೂ ಓಕೆಯಾ ಎಂದು ಕೇಳಲಿಲ್ಲ. ಹಮೀದ್ ಭಾಯ್ ನನ್ನ ಕೈಗೆ ಕಡಕ್ ಚಾಯ್‌ನ ಕಾಗದದ ಲೋಟ ಕೊಟ್ಟು, “ಬರುವ ವಾರ ಐದು ನಿಮಿಷ ಮೊದ್ಲು ಬನ್ನಿ, ಟೈರಿಗೆ ಗಾಳಿ ಕಡಿಮೆ ಉಂಟು” ಎಂದಷ್ಟೇ ಹೇಳಿದರು. ನನಗೆ ತಿಂಗಳುಗಳಿಂದ ಆಗದಷ್ಟು ಸಂತೋಷವಾಯಿತು.

ಆಮೇಲೆ ಪ್ರತಿ ಶುಕ್ರವಾರವೂ ಇದೇ ಆಟ. ಒಂದು ವಾರ ಎರಡನೇ ತಿರುವಿನವರೆಗೆ, ಇನ್ನೊಂದು ವಾರ ಒಂಟೆ ಕೊಟ್ಟಿಗೆಯವರೆಗೆ. ನನ್ನ ಮುಂದೆ ಹೆಚ್ಚಾಗಿ ಇರುತ್ತಿದ್ದವಳು ಲಿಝಾ. ಆಸ್ಪತ್ರೆಯೊಂದರ ಲ್ಯಾಬಿನಲ್ಲಿದ್ದ ಫಿಲಿಪೀನ್ಸಿನ ಹೆಂಗಸು, ನನ್ನ ಭುಜದೆತ್ತರ ಇರಲಿಕ್ಕಿಲ್ಲ. ಆದರೆ ಅವಳ ಕಾಲುಗಳು ಹೊಲಿಗೆ ಮೆಶಿನ್ನಿನ ಸೂಜಿಯ ಹಾಗೆ ಒಂದೇ ಲಯದಲ್ಲಿ ಆಡುತ್ತಿದ್ದವು. ಒಂದು ದಿನ ಚಹಾ ಕುಡಿಯುವಾಗ ಅವಳು ತನ್ನ ತುಂಡು ತುಂಡು ಹಿಂದಿಯಲ್ಲಿ ಹೇಳಿದಳು:

“ನೀವು ನನ್ನ ಚಕ್ರ ನೋಡ್ತೀರಿ. ಅದಕ್ಕೇ ಹೆದರಿಕೆ. ನನ್ನ ಬೆನ್ನು ನೋಡಿ, ಅದರಾಚೆ ದಾರಿ ನೋಡಿ.”

ಆ ಮಾತಿನಿಂದ ತಿರುವುಗಳ ಭಯ ಅರ್ಧ ಕಳೆಯಿತು. ಆದರೆ ಇನ್ನೊಂದು ಭಯ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಅಷ್ಟು ಹತ್ತಿರ, ಅಷ್ಟು ವೇಗದಲ್ಲಿ ಹ್ಯಾಂಡಲಿನಿಂದ ಒಂದು ಕೈ ತೆಗೆಯಲು ನನಗೆ ಧೈರ್ಯವಾಗುತ್ತಿರಲಿಲ್ಲ. ಬಾಟಲಿ ಸೈಕಲ್ಲಿನ ಕಂಬಿಯಲ್ಲಿ ತುಂಬಿದ ಹಾಗೆಯೇ ಹೋಗಿ ತುಂಬಿದ ಹಾಗೆಯೇ ಬರುತ್ತಿತ್ತು.

ಜನವರಿಯ ಒಂದು ಶುಕ್ರವಾರ ನಾನು ಅದುವರೆಗಿನ ಎಲ್ಲಕ್ಕಿಂತ ಹೆಚ್ಚು ದೂರ ಗುಂಪಿನಲ್ಲಿ ಉಳಿದೆ. ಹನಿ ನೀರು ಕುಡಿದಿರಲಿಲ್ಲ. ಅದೇ ದಿನ ಯಾರ್ಡಿನಲ್ಲಿ ತುರ್ತು ಕೆಲಸವೆಂದು ಕರೆ ಬಂತು. ಚಹಾ ಮಾತ್ರ ಕುಡಿದು ಹೋದೆ. ಮಧ್ಯಾಹ್ನದ ಹೊತ್ತಿಗೆ ಪೈಪಿನ ಜೋಡಣೆಯೊಂದನ್ನು ಬಗ್ಗಿ ನೋಡಿ ಎದ್ದವನಿಗೆ ಕಣ್ಣು ಕತ್ತಲೆ ಬಂತು. ಎಚ್ಚರವಾದಾಗ ಫೋರ್‌ಮನ್ನಿನ ತೊಡೆಯ ಮೇಲೆ ನನ್ನ ತಲೆ ಇತ್ತು.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ರಕ್ತ ಪರೀಕ್ಷೆಯಲ್ಲಿ ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ಸ್ವಲ್ಪ ಏರಿತ್ತು. ಎರಡು ದಿನ ಬಿಟ್ಟು ಮತ್ತೆ ನೋಡೋಣ ಎಂದರು. ಎರಡನೇ ದಿನ ಬಟ್ಟೆ ಮಡಚುತ್ತಿದ್ದ ವೀಣಾ ಕೈಯಲ್ಲಿದ್ದ ಟವೆಲನ್ನು ಮಂಚದ ಮೇಲೆ ಎಸೆದು ಕೇಳಿದಳು:

“ಅಕ್ಕನಿಗೆ ತೋರಿಸ್ಲಿಕ್ಕೆ ಅಲ್ವಾ ಇದೆಲ್ಲ? ನಿಮ್ಗೆ ಏನಾದ್ರೂ ಆದ್ರೆ ಅಕ್ಕ ಬದುಕ್ತಾರಾ? ನಾವು ಬದುಕ್ತೇವಾ?”

ನಾನು ಟವೆಲನ್ನು ಎತ್ತಿ ಮಡಚಿಟ್ಟೆ. ಮರುದಿನ ಬಂದ ಪರೀಕ್ಷೆಯಲ್ಲಿ ಎಲ್ಲ ಸರಿಯಾಗಿತ್ತು. ಡಾಕ್ಟರು ಕಟುವಾಗಿಯೇ ಹೇಳಿದರು: ಸೈಕಲ್ಲಿನದ್ದೇನೂ ತಪ್ಪಲ್ಲ, ನೀರು ಕುಡಿಯದೆ ಇದ್ದದ್ದು ತಪ್ಪು. ಎರಡು ಕಿಡ್ನಿ ಇದ್ದವನೂ ಹೀಗೆ ಮಾಡಿದರೆ ಬೀಳುತ್ತಾನೆ. ಮನೆಗೆ ಬಂದು ಈ ಮಾತನ್ನು ಹೇಳುವುದರೊಳಗೆ ಊರಿನ ಫೋನು ಬಂದಿತ್ತು, ಅನನ್ಯಾ ಎತ್ತಿಕೊಂಡಿದ್ದಳು.

“ಯೆಸ್ ಅತ್ತೆ, ಪಪ್ಪ ಫೆಯಿಂಟೆಡ್ ಇನ್ ದ ಯಾರ್ಡ್ ಆಫ್ಟರ್ ಸೈಕ್ಲಿಂಗ್. ಬಟ್ ಹಿ ಈಸ್ ಫೈನ್ ನೌ!”

ನಾನು ಫೋನು ಕಿತ್ತುಕೊಂಡೆ. ಅಕ್ಕ ಅಳುತ್ತಾಳೆ ಎಂದುಕೊಂಡೆ. ಅವಳು ಅಳಲಿಲ್ಲ.

“ನಾನು ಅಲ್ಲಿಗೆ ಬರ್ತೇನೆ” ಎಂದಳು.

“ಎಂತ ಅಕ್ಕ? ನೀನು ಗೇಟು ದಾಟುದಿಲ್ಲ ಅಂತ...”

“ಬರ್ತೇನೆ ಅಂದ್ರೆ ಬರ್ತೇನೆ. ನಿನ್ನ ಸೈಕಲ್ಲನ್ನು ನನ್ನ ಕೈಯಾರೆ ಮಾರಿ ಹೋಗ್ತೇನೆ.”

ಅವಳ ಡಾಕ್ಟರು ಒಪ್ಪಿಗೆ ಕೊಡಲು, ವಿಸಿಟ್ ವೀಸಾ ಆಗಲು ಕೆಲವು ವಾರ ಹಿಡಿಯಿತು. ಆ ವಾರಗಳಲ್ಲಿ ನಾನು ಅಲ್ ವತ್ಬಾಕ್ಕೆ ಹೋಗಲಿಲ್ಲ. ನನ್ನ ಸುದ್ದಿ ತಿಳಿದ ಲಿಝಾ ಒಂದು ಸಂಜೆ ತನ್ನ ಸೈಕಲ್ಲಿನೊಂದಿಗೆ ನಮ್ಮ ಕಟ್ಟಡದ ಕೆಳಗೆ ಬಂದಿಳಿದಳು. “ಕುಡಿಯಲು ಕಲಿಯಿರಿ” ಎಂದಳು. ಶಾಬಿಯಾದ ಪಾರ್ಕಿಂಗ್ ಜಾಗದಲ್ಲಿ, ನಿಂತ ಕಾರುಗಳ ನಡುವೆ, ನಾನು ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಇನ್ನೊಂದರಲ್ಲಿ ಬಾಟಲಿ ತೆಗೆದು ಬಾಯಿಗಿಟ್ಟು ಮತ್ತೆ ಅದರ ಜಾಗಕ್ಕೆ ಹಾಕುವುದನ್ನು ಅಭ್ಯಾಸ ಮಾಡಿದೆ. ಬಾಟಲಿ ಬಿದ್ದು ಉರುಳಿದಾಗಲೆಲ್ಲ ಅನನ್ಯಾ ಓಡಿ ಹೆಕ್ಕಿ ತರುತ್ತಿದ್ದಳು. ಬಾಲ್ಕನಿಗಳಿಂದ ಮಲಯಾಳಿ ಹೆಂಗಸರು, ಕೆಳಗೆ ಗ್ರಾಸರಿಯ ಅಂಗಡಿಯವನು, ಎಲ್ಲರೂ ನಿಂತು ನೋಡುತ್ತಿದ್ದರು. ವೀಣಾ ಮೊದಲ ದಿನ ಕಿಟಕಿ ಮುಚ್ಚಿಕೊಂಡಳು. ಮೂರನೆಯ ಸಂಜೆ ತಾನೇ ಕೆಳಗಿಳಿದು ಬಂದು, “ಎಡಗೈಯಲ್ಲಿ ತೆಗೀರಿ, ಬಲಗೈಯಲ್ಲಿ ತೆಗೆದ್ರೆ ಸೈಕಲ್ ವಾಲ್ತದೆ” ಎಂದಳು. ಅವಳು ಹೇಳಿದ್ದೇ ಸರಿಯಾಗಿತ್ತು.

ಫೆಬ್ರವರಿಯಲ್ಲಿ ಅಕ್ಕ ಬಂದಳು. ಅವಳ ಬದುಕಿನ ಮೊದಲ ವಿಮಾನ. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಕಂಚಿ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು, ಮಾತ್ರೆಯ ಡಬ್ಬಿಯನ್ನು ಎದೆಗವಚಿಕೊಂಡು ಏರ್‌ಪೋರ್ಟಿನ ಬಾಗಿಲಲ್ಲಿ ಕಾಣಿಸಿದಳು. ಆಗ ಮಾಸ್ಕ್ ಹಾಕಿದವರನ್ನು ಜನ ತಿರುಗಿ ನೋಡುತ್ತಿದ್ದ ಕಾಲ. ಅವಳು ಯಾರನ್ನೂ ನೋಡಲಿಲ್ಲ. ನೇರ ಬಂದು ನನ್ನ ಕೆನ್ನೆ, ಕುತ್ತಿಗೆ, ತೋಳು ಮುಟ್ಟಿ ನೋಡಿದಳು.

“ಸಪುರ ಆಗಿದ್ದೀಯಾ.”

“ಸೈಕಲ್ ತುಳಿದು ಆದದ್ದು ಅಕ್ಕ. ಹೊಟ್ಟೆ ಹೋಯ್ತು.”

“ಹೊಟ್ಟೆ ಇರ್ಲಿ, ನೀನು ಮೊದಲು ಆಸ್ಪತ್ರೆಯ ಕಾಗದ ತೋರಿಸು.”

ಎಲ್ಲ ರಿಪೋರ್ಟು ತೋರಿಸಿದೆ. ವೀಣಾ ವಿವರಿಸಿದಳು. ಅಕ್ಕ ತಲೆಯಾಡಿಸಿದಳು, ಆದರೆ ನಂಬಲಿಲ್ಲ. ನಾನು ಮೆಟ್ಟಿಲು ಹತ್ತುವಾಗ ಅವಳು ಹಿಂದಿನಿಂದ ನನ್ನ ಉಸಿರು ಕೇಳಿಸಿಕೊಳ್ಳುತ್ತಿದ್ದಳು. ನಾನು ಬಾತ್‌ರೂಮಿನಲ್ಲಿ ಸ್ವಲ್ಪ ತಡ ಮಾಡಿದರೆ ಬಾಗಿಲು ತಟ್ಟುತ್ತಿದ್ದಳು. ಅವಳು ಮಾತ್ರ ಮನೆಯಿಂದ ಹೊರಗೆ ಕಾಲಿಡಲಿಲ್ಲ. ಸಮುದ್ರ ತೋರಿಸುತ್ತೇನೆ ಎಂದರೆ, “ಧೂಳು ಉಂಟು, ನಂಜಾದ್ರೆ? ಇದಕ್ಕೆ ಏನಾದ್ರೂ ಆದ್ರೆ?” ಎಂದು ಹೊಟ್ಟೆಯ ಬಲಬದಿಗೆ ಕೈಯಿಟ್ಟುಕೊಳ್ಳುತ್ತಿದ್ದಳು. ಮಲಗಿದ ಮಗುವನ್ನು ಮುಟ್ಟುವಂತೆ.

ಗುರುವಾರ ಊಟಕ್ಕೆ ಕುಳಿತಾಗ ನಾನೇ ಮಾತೆತ್ತಿದೆ.

“ನಾಳೆ ನಾನು ಸೈಕಲ್ಲಿಗೆ ಹೋಗ್ತೇನೆ ಅಕ್ಕ. ನೀನೂ ಬಾ. ನೋಡು. ಆಮೇಲೂ ಮಾರ್ಬೇಕು ಅಂತ ಕಂಡ್ರೆ ಮಾರು.”

ಅಕ್ಕ ವೀಣಾಳ ಮುಖ ನೋಡಿದಳು. ವೀಣಾ ಬಡಿಸುತ್ತಿದ್ದವಳು ತಲೆಯೆತ್ತದೆ, “ಹೋಗಿ ಬರ್ಲಿ ಅಕ್ಕ, ಈಗ ನೀರು ಕುಡೀಲಿಕ್ಕೆ ಗೊತ್ತುಂಟು ಅವ್ರಿಗೆ” ಎಂದಳು.

ಮರುದಿನ ಅಲ್ ವತ್ಬಾದಲ್ಲಿ ಮಂಜಿರಲಿಲ್ಲ, ಗಾಳಿಯಿತ್ತು. ಉತ್ತರದ ಕಡೆಯಿಂದ ಬೀಸುವ, ಮರಳನ್ನು ರಸ್ತೆಯ ಮೇಲೆ ಹಾವಿನಂತೆ ಹರಿಸುವ ಗಾಳಿ. ಅಕ್ಕನನ್ನು ಪಾರ್ಕಿಂಗಿನಲ್ಲಿ ಕಾರಿನ ಮರೆಗೆ ಮಡಚುವ ಕುರ್ಚಿ ಹಾಕಿ ಕೂರಿಸಿದೆವು. ಮಾಸ್ಕಿನ ಮೇಲೆ ಶಾಲು, ಕಣ್ಣು ಮಾತ್ರ ಕಾಣುತ್ತಿತ್ತು. ಹಮೀದ್ ಭಾಯ್ ಬಂದು “ನಮಸ್ಕಾರ ಅಕ್ಕ, ಹೇಗುಂಟು ಊರಲ್ಲಿ ಸೆಕೆ?” ಎಂದು ಮಾತನಾಡಿಸಿದರು. ಅಕ್ಕ ಬಿಗುಮಾನದಿಂದಲೇ ಉತ್ತರಿಸಿದಳು.

ಹೊರಟೆವು. ವಾರಗಟ್ಟಲೆ ಬಿಟ್ಟದ್ದರಿಂದ ಕಾಲು ಭಾರವಾಗಿತ್ತು. ಆದರೆ ಗುಂಪಿನ ನಡುವೆ, ಲಿಝಾಳ ಬೆನ್ನ ಹಿಂದೆ, ನಾನು ಎಡಗೈಯಲ್ಲಿ ಬಾಟಲಿ ತೆಗೆದು ಕುಡಿದೆ. ಸೈಕಲ್ ಅಲುಗಲಿಲ್ಲ. ನೀರು ಗಂಟಲಲ್ಲಿ ಇಳಿಯುವಾಗ ಆದ ಧೈರ್ಯ ಅಷ್ಟಿಷ್ಟಲ್ಲ. ಮೊದಲ ಸುತ್ತು ಮುಗಿಸಿ ಪಾರ್ಕಿಂಗಿನ ಪಕ್ಕ ಹಾಯುವಾಗ ವೀಣಾ, ಅನನ್ಯಾ ಕೈ ಬೀಸುವುದು ಕಂಡಿತು. ಅಕ್ಕ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕುಳಿತಿದ್ದಳು. ಎರಡನೇ ಸುತ್ತಿನಲ್ಲೂ ನಾನು ಗುಂಪಿನಲ್ಲೇ ಇದ್ದೆ. ಅದುವರೆಗೆ ಒಮ್ಮೆಯೂ ನಾನು ಕೊನೆಯ ಸುತ್ತಿಗೆ ಅವರ ಜೊತೆ ಕಾಲಿಟ್ಟಿರಲಿಲ್ಲ. ಇವತ್ತು ಆಗುತ್ತದೆ, ಅಕ್ಕನ ಎದುರೇ ಆಗುತ್ತದೆ ಎಂದುಕೊಂಡೆ.

ಕೊನೆಯ ಸುತ್ತಿನಲ್ಲಿ ದಾರಿ ಉತ್ತರಕ್ಕೆ ತಿರುಗುತ್ತಿದ್ದಂತೆ ಗಾಳಿ ಎದುರಾಯಿತು. ಮುಂದಿನವರು ವೇಗ ತಗ್ಗಿಸಲಿಲ್ಲ. ನಾನು ಗೇರ್ ಬದಲಿಸಲು ಹೋಗಿ ತಪ್ಪಾಗಿ ಭಾರದ್ದಕ್ಕೆ ಹಾಕಿದೆ. ಸೈಕಲ್ ಒಮ್ಮೆ ಮುಗ್ಗರಿಸಿತು. ಮತ್ತೆ ಅದೇ ಒಂದು ಸೈಕಲ್ಲಿನಷ್ಟು ಜಾಗ. ಎದ್ದು ನಿಂತು ತುಳಿದೆ, ಲಿಝಾಳ ಚಕ್ರ ಇನ್ನೇನು ಸಿಕ್ಕಿತು ಎನ್ನುವಾಗ ಒಂದು ಬೀಸು ಗಾಳಿ ಬಂದು ಎದೆಗೆ ಗುದ್ದಿತು. ಗುಂಪು ಹೋಯಿತು. ನಾನು ತಲೆ ತಗ್ಗಿಸಿ, ಅಷ್ಟು ದೂರವನ್ನು ಒಬ್ಬನೇ, ಮರಳು ಹಲ್ಲಿಗೆ ಸಿಗುತ್ತಿದ್ದಂತೆ ತುಳಿಯತೊಡಗಿದೆ.

ಮುಂದಿನದ್ದನ್ನು ವೀಣಾ ಆಮೇಲೆ ಹೇಳಿದಳು. ಗುಂಪು ಪಾರ್ಕಿಂಗಿಗೆ ಬಂದಾಗ ಅಕ್ಕ ಒಬ್ಬೊಬ್ಬರ ಮುಖವನ್ನೂ ನೋಡಿದಳಂತೆ. ನಾನಿಲ್ಲ. “ಎಲ್ಲಿ? ದಿನ್ನು ಎಲ್ಲಿ?” ಎಂದು ಎದ್ದು ನಿಂತಳು. ಹಮೀದ್ ಭಾಯ್ “ಬರ್ತಾರೆ ಅಕ್ಕ, ಹಿಂದೆ ಉಳಿದದ್ದು” ಎಂದು ಮುಗಿಸುವ ಮೊದಲೇ ಅವಳು ಟ್ರ್ಯಾಕಿನ ಅಂಚಿಗೆ ಇಳಿದಿದ್ದಳು. ವೀಣಾ ಕೈ ಹಿಡಿದರೆ ಕೊಡವಿಕೊಂಡಳು. ಶಾಲು ಹಾರಿ ಬೇಲಿಗೆ ಸಿಕ್ಕಿಕೊಂಡಿತು, ತಿರುಗಿ ನೋಡಲಿಲ್ಲ. ಗೇಟು ದಾಟದ ಹೆಂಗಸು ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು, ಬೀಸುವ ಗಾಳಿಯಲ್ಲಿ, ಆ ಮರಳುಗಾಡಿನ ದಾರಿಯಲ್ಲಿ ಬಿರಬಿರನೆ ನಡೆದಳು.

ನಾನು ಕೊನೆಯ ತಿರುವು ದಾಟಿದಾಗ ದೂರದಲ್ಲಿ ಒಂದು ಹಸಿರು ಸೀರೆ ಕಂಡಿತು. ಮೊದಲು ನಂಬಲಿಲ್ಲ. ಹತ್ತಿರ ಬಂದಂತೆ ಅವಳ ನಡಿಗೆ ಗೊತ್ತಾಯಿತು. ನಾಲ್ಕು ಹಾಲಿನ ಕ್ಯಾನುಗಳ ನಡುವೆ ಯಾರನ್ನೋ ಬೈಯಲು ಹೊರಟವಳ ನಡಿಗೆ. ಪಕ್ಕಕ್ಕೆ ತಂದು ನಿಲ್ಲಿಸಿದೆ. ಮಾತನಾಡಲು ಉಸಿರಿರಲಿಲ್ಲ. ಹ್ಯಾಂಡಲಿನ ಮೇಲೆ ಬಗ್ಗಿ ಏದುಸಿರು ಬಿಡುತ್ತಾ ನಕ್ಕೆ. ಅವಳು ನನ್ನ ಗಲ್ಲ ಹಿಡಿದೆತ್ತಿದಳು. ಕಣ್ಣ ರೆಪ್ಪೆ ಎಳೆದು ನೋಡಿದಳು.

“ಎಂತಾಯ್ತು? ತಲೆ ತಿರುಗಿತಾ? ನೋವುಂಟಾ? ಹೇಳು!”

“ಎಂತ ಆಗ್ಲಿಲ್ಲ ಅಕ್ಕ. ಸೋತೆ.”

“ಎಂತದು?”

“ಅವ್ರು ಜೋರು, ನಾನು ನಿಧಾನ. ಸೋತೆ. ಅಷ್ಟೇ.”

ನಾನು ಬಾಟಲಿ ತೆಗೆದು ಗಟಗಟ ಕುಡಿದೆ. ನೀರು ಗಲ್ಲದಿಂದ ಇಳಿಯಿತು.

“ಬರೇ ಸೋತದ್ದಾ?” ಎಂದಳು. “ನಾನು ಎಂತದೋ ಗ್ರಹಿಸಿದೆ.”

ಅಷ್ಟರಲ್ಲಿ ಹಮೀದ್ ಭಾಯ್ ಸೈಕಲ್ ತಿರುಗಿಸಿಕೊಂಡು, ಕೈಯಲ್ಲಿ ಅಕ್ಕನ ಶಾಲು ಹಿಡಿದುಕೊಂಡು ಬಂದರು. ಅಕ್ಕ ಅವರ ಮೇಲೆ ಹರಿಹಾಯ್ದಳು.

“ನೀವು ಅವನನ್ನು ಬಿಟ್ಟು ಬಂದದ್ದು ಯಾಕೆ? ಅವನಿಗೆ ಒಂದೇ ಕಿಡ್ನಿ ಇರುದು ಗೊತ್ತಿಲ್ವಾ ನಿಮ್ಗೆ?”

“ಗೊತ್ತುಂಟು ಅಕ್ಕ,” ಹಮೀದ್ ಭಾಯ್ ಶಾಂತವಾಗಿಯೇ ಹೇಳಿದರು. “ಆದ್ರೆ ಅದ್ರದ್ದು ತೊಂದ್ರೆ ಅಲ್ಲ. ನಿಮ್ಮ ತಮ್ಮನಿಗೆ ಗೇರ್ ಹಾಕ್ಲಿಕ್ಕೆ ಬರುದಿಲ್ಲ. ಎರಡೆರಡು ಕಿಡ್ನಿ ಇದ್ದವ್ರು ಇವತ್ತು ಇವರಿಗಿಂತ ಮೊದ್ಲೇ ಬಿದ್ದಿದ್ದಾರೆ, ಅಲ್ಲಿ ನೋಡಿ.”

ನಿಜಕ್ಕೂ ನನ್ನ ಹಿಂದೆ, ಬಹಳ ದೂರದಲ್ಲಿ, ಇನ್ನಿಬ್ಬರು ಗಾಳಿಯೊಂದಿಗೆ ಗುದ್ದಾಡುತ್ತಾ ಬರುತ್ತಿದ್ದರು. ಒಬ್ಬ ಆರಡಿ ಎತ್ತರದ ಆಸಾಮಿ. ಅಕ್ಕ ಅವರನ್ನು ನೋಡಿದಳು, ನನ್ನನ್ನು ನೋಡಿದಳು. ಮಾಸ್ಕನ್ನು ಗಲ್ಲಕ್ಕೆ ಇಳಿಸಿ ನಗತೊಡಗಿದಳು. ಮೊದಲು ಸಣ್ಣಗೆ, ಆಮೇಲೆ ನಿಲ್ಲಿಸಲಾಗದೆ, ಕಣ್ಣಲ್ಲಿ ನೀರು ಬರುವಷ್ಟು. ಆಪರೇಶನ್ ಆದ ಮೇಲೆ ನಾನು ಅವಳ ಆ ನಗುವನ್ನು ಕೇಳಿಯೇ ಇರಲಿಲ್ಲ. ಹಮೀದ್ ಭಾಯ್ ಕೂಡ ನಕ್ಕರು. ಆ ಆರಡಿಯ ಆಸಾಮಿ ನಮ್ಮನ್ನು ದಾಟುವಾಗ ಯಾಕೆಂದು ತಿಳಿಯದೆ ತಾನೂ ನಕ್ಕು ಕೈಯೆತ್ತಿದ.

ನಾವು ಮೂವರೂ ನಡೆದೇ ಪಾರ್ಕಿಂಗಿಗೆ ಬಂದೆವು. ಅರ್ಧ ದಾರಿಯಲ್ಲಿ ಅಕ್ಕ ನಿಂತು ತಿರುಗಿ ನೋಡಿದಳು.

“ಇಷ್ಟು ದೂರ ನಾನು ನಡೆದು ಬಂದದ್ದಾ?”

“ಮತ್ತೆ? ನಿನ್ನನ್ನು ಯಾರು ಹೊತ್ಕೊಂಡು ಬಂದ್ರು?”

ಅವಳು ಬಲಬದಿಗೆ ಕೈಯಿಡಲು ಹೋದಳು, ಏನೋ ನೆನಪಾದಂತೆ ಕೈ ತೆಗೆದು ಸೀರೆಯ ಮರಳು ಕೊಡವಿಕೊಂಡಳು. ಪಾರ್ಕಿಂಗಿನಲ್ಲಿ ಕಡಕ್ ಚಾಯ್ ಕುಡಿಯುತ್ತಾ, “ಇದು ಯಾವ ಹಾಲು? ಡಬ್ಬಿದ್ದು ಅಲ್ವಾ? ಇಷ್ಟು ಒಂಟೆ ಇಟ್ಕೊಂಡು ಡಬ್ಬಿ ಹಾಲು ಕುಡಿತೀರಾ ನೀವು?” ಎಂದು ಹಮೀದ್ ಭಾಯ್ ಅವರನ್ನು ವಿಚಾರಿಸಿದಳು. ಒಂಟೆ ಎಷ್ಟು ಹಾಲು ಕೊಡುತ್ತದೆ, ಫ್ಯಾಟ್ ಎಷ್ಟಿರುತ್ತದೆ ಎಂದೆಲ್ಲ ಕೇಳಿದಳು. ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಬೈಸಿಕೊಂಡರು.

ಆ ಮೇಲಿನ ದಿನಗಳಲ್ಲಿ ಅಕ್ಕ ಸಮುದ್ರವನ್ನೂ ನೋಡಿದಳು, ದುಬೈಗೂ ಹೋದಳು. ಸಂಜೆ ಹೊತ್ತು ಅನನ್ಯಾಳ ಕೈ ಹಿಡಿದುಕೊಂಡು ಶಾಬಿಯಾದ ಗಲ್ಲಿಗಳಲ್ಲಿ ಸುತ್ತಿದಳು. ಸೈಕಲ್ ಮಾರುವ ಮಾತು ಎತ್ತಲಿಲ್ಲ. ಊರಿಗೆ ಹೊರಡುವ ದಿನ ಏರ್‌ಪೋರ್ಟಿನಲ್ಲಿ ನನ್ನ ಬೆನ್ನು ಸವರಿ, “ಗೇರ್ ಹಾಕ್ಲಿಕ್ಕೆ ಕಲಿ” ಎಂದಳು. ಊರು ತಲುಪಿದ ಮರುವಾರವೇ ಅವಳು ಸೊಸೈಟಿಗೆ ಹೋದಳೆಂದೂ, ಮೊದಲ ದಿನವೇ ಇಬ್ಬರಿಗೆ ಬೈದಳೆಂದೂ ವಾಸುಭಾವ ಹೇಳಿದರು. ಅವಳು ಈಗಲೂ ಹೋಗುತ್ತಾಳೆ, ಈಗಲೂ ಬೈಯುತ್ತಾಳೆ.

ನಾನು ಗೇರ್ ಹಾಕಲು ಕಲಿತೆ. ಮಾರ್ಚ್ ಕಳೆದು ಬಿಸಿಲು ಏರತೊಡಗಿತು. ಇನ್ನು ಅಕ್ಟೋಬರಿನವರೆಗೆ ಬೆಳಗಿನ ಓಟವಿಲ್ಲ ಎಂದು ಹಮೀದ್ ಭಾಯ್ ಸಾರಿದ ಶುಕ್ರವಾರ, ವೀಣಾ ಮತ್ತು ಅನನ್ಯಾ ಮನೆಯಲ್ಲೇ ನಿದ್ದೆ ಮಾಡುತ್ತಿದ್ದರು. ಯಾರಿಗೂ ತೋರಿಸಲೇಬೇಕೆಂದಿರಲಿಲ್ಲ. ನಾನು ಸಾಲಿನ ಕೊನೆಯಲ್ಲಿ ಸೇರಿಕೊಂಡೆ. ಲಿಝಾಳ ಬೆನ್ನು, ಅದರಾಚೆ ದಾರಿ. ನೀರು ಕುಡಿದೆ, ತಿರುವಿನಲ್ಲಿ ಬ್ರೇಕು ಮುಟ್ಟಲಿಲ್ಲ, ಉತ್ತರಕ್ಕೆ ತಿರುಗುವ ಮೊದಲೇ ಗೇರ್ ಹಗುರ ಮಾಡಿಕೊಂಡೆ. ಕೊನೆಯ ಸುತ್ತಿನ ಆ ನೇರ ದಾರಿಯಲ್ಲಿ ಎದೆ ಒಡೆಯುವುದೋ ಎಂಬಂತಾಯಿತು, ಕಾಲುಗಳು ಉರಿದವು. ಇನ್ನು ಸಾಧ್ಯವಿಲ್ಲ ಎಂದು ಎಷ್ಟು ಸಲ ಅಂದುಕೊಂಡೆನೋ. ಪ್ರತಿ ಸಲವೂ ಇನ್ನೊಂದು ದೀಪದ ಕಂಬದವರೆಗೆ ಎಂದು ತುಳಿದೆ. ಆಮೇಲೆ ಇನ್ನೊಂದು ಕಂಬದವರೆಗೆ.

ಎಲ್ಲರೂ ಪೆಡಲ್ ನಿಲ್ಲಿಸಿದರು. ಚಕ್ರಗಳ ಕಿರ್ರೆನ್ನುವ ಸದ್ದೊಂದೇ ಉಳಿಯಿತು. ಪಾರ್ಕಿಂಗ್ ಎದುರಿಗೇ ಇತ್ತು. ಮುಂದಿನಿಂದ ಹಮೀದ್ ಭಾಯ್, ಕುತ್ತಿಗೆ ತಿರುಗಿಸದೆಯೇ, ಗಟ್ಟಿಯಾಗಿ ಕೇಳಿದರು:

“ಕೊನೇಲಿ ಯಾರು ಮಾರಾಯ್ರೆ, ಇಷ್ಟು ಜೋರು ಉಸಿರು ಬಿಡುದು?”

“ನಾನು,” ಎಂದೆ. “ಇದ್ದೇನೆ.”